ಒಂದನೇ ನಂಬರಿನ ಬಿಲ್ಲೆ

ಇದನ್ನು ಹೇಳಲು ನಾನು ತಕ್ಕವನೇ ಎಂಬ ಅಳುಕು ಮೊದಲಿನಿಂದಲೂ ಇದೆ. ಗೋಪುರದ ಗಡಿಯಾರದ ಕೆಲಸ ನನಗೆ ಕೇಳಿ ಗೊತ್ತೇ ಹೊರತು ಮಾಡಿ ಗೊತ್ತಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತು ಊರು ನೋಡಿದವನೂ ನಾನಲ್ಲ. ಎಲ್ಲಾದರೂ ತಪ್ಪಿದ್ದರೆ ಆ ತಪ್ಪು ನನ್ನದು, ಅವರಿಬ್ಬರದಲ್ಲ. ಮನ್ನಿಸಬೇಕು.

"ಇವರಿಗೆ ಕಿವಿ ಕೇಳಿಸುತ್ತಾ?" ಟಿಕೆಟ್ ಕಿಟಕಿಯ ಹೆಂಗಸು ಗಾಲಿಕುರ್ಚಿಯಲ್ಲಿದ್ದವನ ಅಕ್ಕನನ್ನು ಕೇಳಿದಳು.

ಅಕ್ಕ ಕುರ್ಚಿಯ ಹಿಡಿಗಳಿಂದ ಕೈ ತೆಗೆಯಲಿಲ್ಲ. "ಕೆಟ್ಟಿರೋದು ಕಾಲು ಕಣಮ್ಮಾ. ಕಿವಿ ಬೇಕಾದ್ದಕ್ಕಿಂತ ಜಾಸ್ತೀನೇ ಕೇಳಿಸುತ್ತೆ. ಅವನನ್ನೇ ಕೇಳು."

ಹೆಂಗಸು ಮುಜುಗರದಿಂದ ಕಿಟಕಿಯಾಚೆ ಕತ್ತು ಚಾಚಿ ಕೆಳಗೆ ನೋಡಿದಳು. ಕಿಟಕಿಯ ಕಟ್ಟೆ ಅವನ ತಲೆಗಿಂತ ಮೇಲಿತ್ತು. "ಮೇಲೆ ಹೋಗ್ತೀರಾ ಸಾರ್, ಇಲ್ಲಾ ಕೆಳಗೇ ಫೋಟೋ ತೆಗೆಸ್ಕೋತೀರಾ? ತುಂಬಾ ಜನ ಕೆಳಗಿಂದಾನೇ ನೋಡ್ಕೊಂಡು ಹೋಗ್ತಾರೆ."

"ಮೇಲೆ ಹೋಗ್ಬೇಕು."

"ಮೊದಲನೇ ಸಲಾನಾ?"

"ಲಿಫ್ಟಲ್ಲಿ ಮೊದಲನೇ ಸಲ," ಎಂದ.

ಆ ಗೋಪುರ ಇಲ್ಲದೆ ಆ ಊರಿನ ಚಿತ್ರವೇ ಇಲ್ಲ. ಬಸ್ಸಿನ ಬಾಗಿಲಿನ ಮೇಲೆ, ಶಾಲೆಯ ನೋಟ್‌ಬುಕ್ಕಿನ ರಟ್ಟಿನ ಮೇಲೆ, ಸಾಬೂನಿನ ಪೊಟ್ಟಣದ ಮೇಲೆ ಅದೇ ನಾಲ್ಕು ಮುಖದ ಗಡಿಯಾರ. ಊರಿಗೆ ಹೊಸದಾಗಿ ಬಂದವರು ಚೀಲ ಇಳಿಸುವ ಮೊದಲೇ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವನು ಮಾತ್ರ ಹನ್ನೊಂದು ವರ್ಷದಿಂದ ಆ ಚೌಕಕ್ಕೆ ಬಂದಿರಲಿಲ್ಲ. ಅವನ ಮತ್ತು ಅಕ್ಕನ ಎರಡು ಕೋಣೆಯ ಮನೆ ಅಲ್ಲಿಂದ ಮೂರೇ ಸ್ಟಾಪು. ಗಾಳಿ ಇತ್ತ ಬೀಸಿದ ದಿನ ಗಂಟೆಯ ಸದ್ದು ಮನೆಯೊಳಗೂ ಬರುತ್ತಿತ್ತು. ಆಗ ಅಕ್ಕ ಎದ್ದು ಹೋಗಿ ಮಾತಿಲ್ಲದೆ ಕಿಟಕಿ ಮುಚ್ಚುತ್ತಿದ್ದಳು.

ಪಕ್ಕದ ಗೋಡೆಗೆ ಅಂಟಿಕೊಂಡಂತೆ ಹೊಸದಾಗಿ ಇಳಿಜಾರು ದಾರಿ ಕಟ್ಟಿದ್ದರು. ನಡುವೆ ಒಂದು ತಿರುವು, ಎರಡೂ ಬದಿಗೆ ಕಬ್ಬಿಣದ ಕಂಬಿ. ಅಕ್ಕ ಸೆರಗು ಸಿಕ್ಕಿಸಿ ಒಂದೇ ಉಸಿರಿಗೆ ತಿರುವಿನವರೆಗೆ ತಳ್ಳಿದಳು. ಏರುವಾಗ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ ಎಂಬುದು ಅವಳ ನೇಮ. ಅವಳು ಕೆಲಸ ಮಾಡುವ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಒದ್ದೆ ಚಾದರ ತುಂಬಿದ ಗಾಡಿಗಳನ್ನು ಇಳಿಸುವುದೂ ಹಾಗೆಯೇ: ಗಾಡಿಯನ್ನು ತಿರುಗಿಸಿ, ಕೆಳಗಿನ ಕಡೆ ತಾನು ನಿಂತು, ಭಾರವನ್ನೆಲ್ಲ ಮೈಮೇಲೆ ತೆಗೆದುಕೊಂಡು ಹೆಜ್ಜೆ ಹೆಜ್ಜೆಯಾಗಿ. ಕೈ ಜಾರಿದರೂ ಗಾಡಿ ಓಡಿಹೋಗುವುದಿಲ್ಲ, ಅವಳ ಮೇಲೇ ಬಂದು ನಿಲ್ಲುತ್ತದೆ.

"ನೀನೂ ಒಂದು ಗಾಡಿ ಬಟ್ಟೆ ಅಷ್ಟೇ ಇದೀಯ ಕಣೋ. ಹಿಂಡಿದ್ರೆ ಇನ್ನೂ ಕಮ್ಮಿ," ಎಂದು ಅವಳು ತಿರುವಿನಲ್ಲಿ ನಿಂತು ಏದುಸಿರು ಬಿಟ್ಟಳು.

"ಹಿಂಡೋದು ಇನ್ನೇನು ಬಾಕಿ ಉಳಿಸಿದೀಯ," ಎಂದ ಅವನು.

ಅವಳು ನಕ್ಕದ್ದು ಕೇಳಿಸಿತು, ಕಾಣಿಸಲಿಲ್ಲ. ಕುರ್ಚಿ ತಳ್ಳುವವರ ಮುಖ ಕುರ್ಚಿಯಲ್ಲಿ ಕುಳಿತವನಿಗೆ ಕಾಣುವುದಿಲ್ಲ. ಹನ್ನೊಂದು ವರ್ಷದಲ್ಲಿ ಅವರಿಬ್ಬರೂ ಮನಸ್ಸು ಬಿಚ್ಚಿ ಆಡಿದ ಮಾತೆಲ್ಲ ಹೀಗೆ ದಾರಿಯಲ್ಲಿ, ಮುಖ ನೋಡದೆ ಆಡಿದ್ದು. ಆಡದೆ ಉಳಿದದ್ದು ಒಂದು ಮಾತು. ಅವನು ಈ ದಿನ ಇಲ್ಲಿಗೆ ಬಂದದ್ದು ಅದಕ್ಕಾಗಿ. ಅಂಗಿಯ ಜೇಬಿನಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇತ್ತು. ಅದನ್ನು ಅವನು ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಿಕೊಂಡ.

ಆ ಗೋಪುರದಲ್ಲಿ ಅವನು ಒಂಬತ್ತು ವರ್ಷ ಕೆಲಸ ಮಾಡಿದ್ದ, ಭಾವನ ಕೈಕೆಳಗೆ. ಭಾವ ಅಕ್ಕನ ಗಂಡ, ಬಾಗಿಲಲ್ಲಿ ತಲೆ ಬಗ್ಗಿಸುವಷ್ಟು ಉದ್ದ. ಇವನು ಅವರ ಎದೆಯ ಮಟ್ಟಕ್ಕೆ ಬರುತ್ತಿದ್ದ. ಕಚೇರಿಯವರು ಅವರಿಗೆ ದೊಡ್ಡಮುಳ್ಳು, ಚಿಕ್ಕಮುಳ್ಳು ಎಂದು ಹೆಸರಿಟ್ಟಿದ್ದರು. ಬೆಳಗ್ಗೆ ಇವರು ಹೆಬ್ಬಾಗಿಲು ದಾಟಿದರೆ, "ಎರಡೂ ಮುಳ್ಳು ಒಟ್ಟಿಗೇ ಬಂದವು, ಹನ್ನೆರಡು ಗಂಟೆ ಆಯ್ತೇನ್ರೋ?" ಎಂದು ಕಾವಲಿನವನು ದಿನವೂ ಅದೇ ತಮಾಷೆ ಮಾಡುತ್ತಿದ್ದ. ಭಾವ ದಿನವೂ ಮೊದಲ ಸಲ ಕೇಳಿದವರ ಹಾಗೆ ನಗುತ್ತಿದ್ದರು.

ತಿಂಗಳಿಗೊಮ್ಮೆ ಗಡಿಯಾರ ನಿಲ್ಲಿಸಿ ಮುಳ್ಳುಗಳನ್ನು ಒರೆಸಿ ಎಣ್ಣೆ ಹಾಕಬೇಕು. ಯಂತ್ರದ ಕೋಣೆಯಿಂದ ಕಬ್ಬಿಣದ ಏಣಿ ಹತ್ತಿದರೆ ಗಡಿಯಾರದ ಮುಖದಲ್ಲೇ ಒಂದು ಪುಟ್ಟ ಬಾಗಿಲು. ಅದರಿಂದ ಹೊರಗೆ ಒಂದು ಗೇಣಗಲದ ಅಂಚು. ಅಲ್ಲಿ ಇಳಿದು ನಿಲ್ಲುವುದು ಭಾವನ ಕೆಲಸ. ದೊಡ್ಡ ಮುಳ್ಳು ಅವರಿಗಿಂತಲೂ ಉದ್ದ. ಕೆಲಸ ಮುಗಿದ ಮೇಲೆ ಕೋಣೆಯಲ್ಲಿರುವವನು ಯಂತ್ರದ ಹಿಡಿ ತಿರುಗಿಸಿ ಮುಳ್ಳುಗಳನ್ನು ಸರಿಯಾದ ಸಮಯಕ್ಕೆ ತಂದು ನಿಲ್ಲಿಸಬೇಕು. ಮೇಲಿನ ಗಾಳಿಯಲ್ಲಿ ಕೂಗಿದರೆ ಕೇಳಿಸುವುದಿಲ್ಲ. ಅದಕ್ಕೇ ಬಿಲ್ಲೆ. ಇಬ್ಬರಿಗೂ ಒಂದೊಂದು, ಭಾವನದು ಒಂದನೇ ನಂಬರು, ಇವನದು ಎರಡು. ಹೊರಗೆ ಇಳಿಯುವವನು ಹಿಡಿಯ ಮೇಲುಗಡೆ ಗೋಡೆಯಲ್ಲಿದ್ದ ಮೊಳೆಗೆ ತನ್ನ ಬಿಲ್ಲೆ ತೂಗುಹಾಕಿ ಹೋಗುತ್ತಾನೆ, ಒಳಗೆ ಬಂದವನು ತೆಗೆದುಕೊಂಡು ಹೋಗುತ್ತಾನೆ. ಮೊಳೆಯಲ್ಲಿ ಬಿಲ್ಲೆ ಇರುವಷ್ಟು ಹೊತ್ತು ಹಿಡಿ ಮುಟ್ಟುವಂತಿಲ್ಲ, ಮುಟ್ಟಿದರೆ ತಿರುಗುವ ಮುಳ್ಳು ಅಂಚಿನಲ್ಲಿ ನಿಂತವನನ್ನು ಕೆಡವುತ್ತದೆ. ಕೋಣೆಗೆ ಬೆಳಕು ಬರುತ್ತಿದ್ದುದು ಒಂದೇ ಸೀಳು ಕಿಟಕಿಯಿಂದ. ಆ ಮಬ್ಬಿನಲ್ಲಿ ಕಣ್ಣನ್ನು ನಂಬಬಾರದು, ಬೆರಳಿನಿಂದ ಮುಟ್ಟಿ ನೋಡಬೇಕು ಎಂದು ಕಲಿಸಿಕೊಟ್ಟವರು ಭಾವನೇ.

ಮೊಳೆಯ ನೇರ ಕೆಳಗೆ ನೆಲದಲ್ಲಿ ಚೌಕದ ತೂತು. ಗಡಿಯಾರ ನಡೆಸುವ ಕಬ್ಬಿಣದ ಗುಂಡುಗಳು ಹಗ್ಗದಲ್ಲಿ ಜೋತು ಅದರೊಳಗೆ ಇಳಿಯುತ್ತಿದ್ದವು. ಅದನ್ನು ಬಾವಿ ಎನ್ನುತ್ತಿದ್ದರು. ಹಗ್ಗ ಹರಿದರೂ ನೆಲ ಒಡೆಯದಿರಲಿ ಎಂದು ಅದರ ತಳದಲ್ಲಿ ಮೊಣಕಾಲುದ್ದ ಮರಳು ತುಂಬಿಸಿದ್ದರು.

ಆ ದಿನ ಬೆಳಗ್ಗೆ ಭಾವ ಗಡಿಯಾರ ನಿಲ್ಲಿಸಿ, ಎಂದಿನಂತೆ ಎರಡು ಸಲ ಗಂಟಲು ಸರಿಮಾಡಿಕೊಂಡರು. ಇವನು ಯಂತ್ರಕ್ಕೆ ಹಾಕುವ ಇನ್ನೊಂದು ಎಣ್ಣೆ ಡಬ್ಬಿ ತರಲು ಕೆಳಗೆ ಹೋದ. ಅವರು ಬಿಲ್ಲೆ ಹಾಕಿದ್ದನ್ನು ಅವನು ನೋಡಲಿಲ್ಲ. ಮರಳಿ ಬರುವಾಗ ತಡವಾಗಿತ್ತು. ಗೋಪುರಕ್ಕೆ ಎರಡು ಕಡೆ ಮೆಟ್ಟಿಲಿದ್ದುದರಿಂದ, ಬೇಗ ಕೆಲಸ ಮುಗಿದರೆ ಭಾವ ಇನ್ನೊಂದು ಕಡೆಯಿಂದ ಇಳಿದು ಚಹಾಕ್ಕೆ ಹೋಗುವುದಿತ್ತು. ಇವನು ಡಬ್ಬಿಯನ್ನು ಎಡ ಭುಜದ ಮೇಲಿಟ್ಟುಕೊಂಡೇ ತೊಲೆಯ ಕೆಳಗೆ ಬಗ್ಗಿ ಬಲಗೈ ಚಾಚಿದ. ಡಬ್ಬಿ ಗೋಡೆಗೆ ಸವರಿದಂತಾಯಿತು. ಎಲ್ಲೋ ಒಂದು ಸಣ್ಣ ಸದ್ದು ಕೇಳಿತು. ಟಿಣ್. ಒಂದೇ ಸಲ. ಅವನ ಬೆರಳಿಗೆ ಮೊಳೆ ಸಿಕ್ಕಿತು. ಬರಿಯ ಮೊಳೆ. ಡಬ್ಬಿ ಕೆಳಗಿಟ್ಟು, ಎರಡೂ ಕೈಯಿಂದ ಹಿಡಿ ತಿರುಗಿಸಿದ.

ಆಮೇಲಿನದನ್ನು ಚೌಕದಲ್ಲಿದ್ದವರೆಲ್ಲ ನೋಡಿದರು. ಅವನೊಬ್ಬ ನೋಡಲಿಲ್ಲ. ಕೆಳಗಿನ ಕೂಗು ಕೇಳಿ ಏಣಿ ಹತ್ತಿದಾಗ ಅವನಿಗೆ ಕಂಡದ್ದು ತೆರೆದ ಪುಟ್ಟ ಬಾಗಿಲು, ಅದರ ತುಂಬ ಬಿಸಿಲು. ತಿರುಗಿ ಓಡುವಾಗ ಏಣಿಯ ಮೆಟ್ಟಿಲು ತಪ್ಪಿತು. ಎಚ್ಚರವಾದಾಗ ಆಸ್ಪತ್ರೆಯ ಚಾದರದ ಕೆಳಗೆ ಎರಡು ಕಾಲು ಬೇರೆ ಯಾರದೋ ಎಂಬಂತೆ ಮಲಗಿದ್ದವು.

ವಿಚಾರಣೆಯವರು ಹಾಸಿಗೆಯ ಪಕ್ಕಕ್ಕೇ ಬಂದರು.

"ಮೊಳೆ ಮೇಲೆ ಬಿಲ್ಲೆ ಇತ್ತಾ?"

"ಇರಲಿಲ್ಲ."

"ಸರಿಯಾಗಿ ನೋಡಿದ್ರಾ?"

"ಮುಟ್ಟಿ ನೋಡಿದೆ."

ಒಂದೊಂದು ಮಾತೂ ನಿಜ. ಸದ್ದೇನಾದರೂ ಕೇಳಿಸಿತೇ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಭಾವನ ಜೇಬಿನಲ್ಲಿ ಬಿಲ್ಲೆ ಇರಲಿಲ್ಲ, ಅಷ್ಟು ಎತ್ತರದಿಂದ ಬಿದ್ದಾಗ ಎಲ್ಲೋ ಹಾರಿರಬೇಕು ಎಂದು ಅವರೇ ತೀರ್ಮಾನಿಸಿದರು. ಕೆಲಸಗಾರನು ಬಿಲ್ಲೆ ಹಾಕಲು ಮರೆತದ್ದೇ ಕಾರಣ ಎಂದು ಬರೆದುಕೊಂಡು ಹೋದರು.

ಅಂದಿನಿಂದ ಭಾವ ಮರೆತವರಾದರು. ಅಕ್ಕ ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಗೋಡೆಯ ಮೇಲಿನ ಫೋಟೋದ ಮುಂದೆ ನಿಂತು ಬಯ್ಯುತ್ತಿದ್ದಳು. "ಚಿಲಕ ಹಾಕಿದೀನಾ ಅಂತ ಬೀದಿ ಕೊನೇಯಿಂದ ವಾಪಸ್ ಬಂದು ನೋಡೋ ಮನುಷ್ಯ ನೀವು. ಅವತ್ತೊಂದು ದಿನ ಅದು ಹೇಗ್ರೀ ಮರೆತ್ರಿ?" ಒಳಗಿನ ಕೋಣೆಯಲ್ಲಿ ಜನರ ಛತ್ರಿ, ಚೀಲಗಳ ಜಿಪ್ಪು ರಿಪೇರಿ ಮಾಡುತ್ತ ಕುಳಿತ ಅವನಿಗೆ ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು. ಆಮೇಲೆ ಅವಳು ಬಾಗಿಲೆಳೆದುಕೊಂಡು ಹೋಗುತ್ತಿದ್ದಳು. ಮನೆ ನಿಶ್ಶಬ್ದವಾಗುತ್ತಿತ್ತು. ಆ ನಿಶ್ಶಬ್ದದಲ್ಲಿ ಚಮಚ ತಟ್ಟೆಗೆ ತಾಗಿದರೆ, ಬೀಗದ ಕೈ ನೆಲಕ್ಕೆ ಬಿದ್ದರೆ, ಪಕ್ಕದ ಮನೆಯವರ ಬಕೆಟ್ಟಿನ ಹಿಡಿ ಅಲುಗಿದರೆ, ಟಿಣ್. ಕೆಲವು ದಿನ ಏನೂ ಬೀಳದೆಯೇ ಕೇಳಿಸುತ್ತಿತ್ತು. ಅವನು ಕೈಯ ಸೂಜಿ ಹಾಗೇ ಹಿಡಿದು, ಮುಂದಿನ ಸದ್ದಿಗಾಗಿ ಕಾಯುತ್ತಿದ್ದ. ಮುಂದಿನ ಸದ್ದು ಎಂದೂ ಬರುತ್ತಿರಲಿಲ್ಲ.

ಅದು ಬಾವಿಯ ಕಬ್ಬಿಣದ ಅಂಚಿಗೆ ತಾಗಿ ಮರಳಿಗೆ ಬಿದ್ದ ಬಿಲ್ಲೆಯ ಸದ್ದೇ, ಅಥವಾ ಡಬ್ಬಿ ಎಲ್ಲಿಗೋ ತಾಗಿದ್ದೇ? ಅದನ್ನು ತಿಳಿಯುವುದಕ್ಕೆ ಅವನಿಗೆ ಒಂದೇ ದಾರಿ ತೋಚಿತ್ತು. ಆ ಮೊಳೆಯ ಕೆಳಗೆ ಹೋಗಿ, ತನ್ನ ಎರಡನೇ ನಂಬರಿನ ಬಿಲ್ಲೆಯನ್ನು ಅದೇ ಅಂಚಿಗೆ ತಾಗಿಸಿ ಬಾವಿಗೆ ಬಿಟ್ಟು, ಕಿವಿಗೊಟ್ಟು ಕೇಳುವುದು. ಅದೇ ಸದ್ದಾದರೆ ಅಕ್ಕನಿಗೆ ಹೇಳಿಬಿಡುವುದು. ಅಲ್ಲದಿದ್ದರೆ ಉಳಿದ ಆಯುಷ್ಯ ನೆಮ್ಮದಿಯಾಗಿ ಛತ್ರಿ ಹೊಲಿಯುವುದು. ಮೆಟ್ಟಿಲು ನೂರಾ ಎಪ್ಪತ್ತಾರು ಇದ್ದವು. ಆದ್ದರಿಂದ ಅದು ಬರಿಯ ಯೋಚನೆಯಾಗಿಯೇ ಉಳಿದಿತ್ತು. ಗೋಪುರಕ್ಕೆ ಲಿಫ್ಟ್ ಹಾಕಿದ್ದಾರೆ, ಗಾಲಿಕುರ್ಚಿಯವರೂ ಹೋಗಬಹುದು ಎಂಬ ಸುದ್ದಿಯನ್ನು ಅಕ್ಕ ಕೆಲಸದಿಂದ ತಂದಾಗ ಅವನು ಜಿಪ್ಪಿನಿಂದ ತಲೆ ಎತ್ತದೆ, "ಒಂದ್ಸಲ ಹೋಗ್ಬೇಕು," ಎಂದಿದ್ದ. ಅವಳು ಯಾಕೆ ಎಂದು ಕೇಳಲಿಲ್ಲ. ಮರುದಿನ ರಜೆ ಬರೆದುಕೊಟ್ಟು ಬಂದಳು.

ಲಿಫ್ಟಿನವನು ಇಸ್ತ್ರಿ ಹಾಕಿದ ನೀಲಿ ಅಂಗಿಯ ವಯಸ್ಸಾದ ಮನುಷ್ಯ. "ಕುರ್ಚಿ ತಿರುಗಿಸಿ ಹಿಂದಿಂದ ಎಳ್ಕೊಳಿ ಅಮ್ಮಾ. ಇಲ್ಲಾಂದ್ರೆ ಮುಂದಿನ ಚಿಕ್ಕ ಗಾಲಿ ಈ ಸಂದೀಲಿ ಸಿಕ್ಕಾಕೊಳ್ಳುತ್ತೆ," ಎಂದು ನೆಲಕ್ಕೂ ಲಿಫ್ಟಿಗೂ ನಡುವಿನ ಕಪ್ಪು ಸಂದನ್ನು ತೋರಿಸಿದ. "ಮೊನ್ನೆ ಒಬ್ಬರ ಕನ್ನಡಕಾನೇ ಹೋಯ್ತು."

ಲಿಫ್ಟಿನ ಹಿಂಬದಿ ಗಾಜಿನದು. ಬಾಗಿಲು ಮುಚ್ಚಿ ಅದು ಏರತೊಡಗಿದಾಗ ಅವನು ಕತ್ತು ಹೊರಳಿಸಿ ಗಾಜಿನಾಚೆ ನೋಡಿದ. ಹಳೆಯ ಇಟ್ಟಿಗೆಗಳು ಕೆಳಕ್ಕೆ ಸರಿಯುತ್ತಿದ್ದವು. ಅವುಗಳ ಮೇಲೆ ಎರಡು ಉದ್ದನೆಯ ಗೀರುಗಳು ಹಗ್ಗ ಉಜ್ಜಿ ಉಜ್ಜಿ ನಯವಾಗಿದ್ದವು. ಗ್ರೀಸಿನ ಕಪ್ಪು ಹಾಗೇ ಇತ್ತು. ಅವನ ಕೈ ಗಾಲಿಗಳನ್ನು ಬಿಗಿಯಾಗಿ ಹಿಡಿಯಿತು.

"ಇದು ಬಾವಿ," ಎಂದ.

"ಹೌದಂತೆ ಸಾರ್," ಎಂದ ಲಿಫ್ಟಿನವನು ಹೆಮ್ಮೆಯಿಂದ. "ಮೊದಲು ಇಲ್ಲಿ ಗುಂಡು ಇಳೀತಿತ್ತಂತೆ. ಈಗ ಗಡಿಯಾರಕ್ಕೆ ಮೋಟಾರು ಬಂತಲ್ಲ. ಗುಂಡು ಇಳಿಯೋ ಜಾಗದಲ್ಲಿ ನಾವು ಹತ್ತೋದು. ನಿಮಗೆ ಹೇಗೆ ಗೊತ್ತಾಯ್ತು?"

ಅವನು ಗಾಜಿನಾಚೆಯೇ ನೋಡುತ್ತಿದ್ದ. ಅಂಚಿಲ್ಲ, ಮರಳಿಲ್ಲ. ಇನ್ನು ಬಿಲ್ಲೆ ಬಿಟ್ಟು ಕೇಳುವುದೇನು? ಹನ್ನೊಂದು ವರ್ಷದ ಹಿಂದೆ ಆ ಸದ್ದು ಯಾವ ದಾರಿಯಲ್ಲಿ ಕೆಳಗೆ ಹೋಗಿತ್ತೋ ಅದೇ ದಾರಿಯಲ್ಲಿ ಅವನು ಕುಳಿತಲ್ಲೇ ಮೇಲೆ ಹೋಗುತ್ತಿದ್ದ. ಅಷ್ಟರಲ್ಲಿ ಹಿಂದೆ ಯಾರೋ ಎರಡು ಸಲ ಗಂಟಲು ಸರಿಮಾಡಿಕೊಂಡರು. ಅವನು ತಟ್ಟನೆ ತಿರುಗಿ ನೋಡಿದ. ಲಿಫ್ಟಿನವನು ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, "ಧೂಳು," ಎಂದ.

ಯಂತ್ರದ ಕೋಣೆಗೆ ಬಿಳಿ ಬಣ್ಣ ಬಳಿದು ನಾಲ್ಕೂ ಕಡೆ ದೀಪ ಹಾಕಿದ್ದರು. ಒಂಬತ್ತು ವರ್ಷ ಕೆಲಸ ಮಾಡಿದ ಕೋಣೆಯನ್ನು ಅವನು ಈಗಲೇ ಮೊದಲ ಸಲ ಕಣ್ಣಿನಿಂದ ನೋಡಿದ. ಇಷ್ಟು ಚಿಕ್ಕದೇ? ತೊಲೆ ಅಲ್ಲೇ ಇತ್ತು. ಅದಕ್ಕೆ ಈಗ ಅವನು ಬಗ್ಗಬೇಕಿರಲಿಲ್ಲ. ಏಣಿಗೆ ಸರಪಳಿ ಕಟ್ಟಿ "ಪ್ರವೇಶವಿಲ್ಲ" ಎಂಬ ಫಲಕ ತೂಗುಹಾಕಿದ್ದರು. ಅದರ ಮೇಲಿನ ಕಂಡಿಯಿಂದ ಗಡಿಯಾರದ ಹಾಲುಬಿಳುಪಿನ ಗಾಜು ಒಂದು ತುಂಡು ಕಾಣುತ್ತಿತ್ತು. ಗಾಜಿನ ಹೊರಗೆ ದೊಡ್ಡ ಮುಳ್ಳಿನ ನೆರಳು. ಅವನು ನೋಡುತ್ತಿದ್ದಂತೆ ಆ ನೆರಳು ಒಮ್ಮೆ ಕದಲಿ ನಿಂತಿತು.

"ಲೇ, ಇಲ್ಲಿ," ಎಂದಳು ಅಕ್ಕ.

ಮೊಳೆ ಇದ್ದ ಗೋಡೆಗೆ ಒಂದು ಗಾಜಿನ ಪೆಟ್ಟಿಗೆ ಜೋಡಿಸಿದ್ದರು. ನಿಂತವರ ಕಣ್ಣಿನ ಮಟ್ಟಕ್ಕೆ, ವಾರೆಯಾಗಿ. ಕೆಳಗೆ ಕುಳಿತವನಿಗೆ ಗಾಜಿನಲ್ಲಿ ಕಂಡದ್ದು ಛಾವಣಿಯ ದೀಪಗಳು ಮತ್ತು ತನ್ನದೇ ಹಣೆ. ಕೈಯೂರಿ ಮೈ ಎತ್ತಿ ನೋಡಿದ. ಅಷ್ಟೇ.

"ಏನಿದೆ ಅದರಲ್ಲಿ? ಓದು."

ಅಕ್ಕ ಕನ್ನಡಕ ಹುಡುಕಿ ಹಾಕಿಕೊಂಡಳು. ಮಕ್ಕಳಂತೆ ಒಂದೊಂದೇ ಪದ ಓದಿದಳು. "ಕೆಲಸಗಾರರ ಬಿಲ್ಲೆ. ಹಿತ್ತಾಳೆ. ನಂಬರು ಒಂದು. ಲಿಫ್ಟಿಗಾಗಿ ಗುಂಡಿ ತೋಡುವಾಗ... ಬಾವಿಯ ತಳದ ಮರಳಿನಲ್ಲಿ..." ಅಲ್ಲಿಗೆ ನಿಂತಳು.

"ಓದು ಅಕ್ಕ."

"ಸಿಕ್ಕಿತು," ಎಂದಳು. "ಎರಡನೇ ನಂಬರಿನದು ಕಳೆದುಹೋಗಿದೆ."

ಅವಳ ಮುಖವನ್ನು ಅವನು ಆಗ ನೋಡಬಹುದಿತ್ತು. ಅವಳು ಪಕ್ಕದಲ್ಲೇ ನಿಂತಿದ್ದಳು. ಅವನು ತನ್ನ ಮೊಣಕಾಲು ನೋಡುತ್ತ ಕುಳಿತ.

ಲಿಫ್ಟಿನ ಬಾಗಿಲು ತೆರೆದು ಏಳೆಂಟು ಜನರ ಗುಂಪೊಂದು ಒಳಗೆ ಬಂತು. ಮುಂದೆ ಕೊರಳಿಗೆ ಗುರುತಿನ ಚೀಟಿ ಹಾಕಿದ ಗೈಡ್ ಹುಡುಗಿ. ಅವಳು ಸರಸರನೆ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಬಾಯಿಪಾಠ ಶುರುಮಾಡಿದಳು. ಮುಳ್ಳಿನ ಉದ್ದ, ಗುಂಡಿನ ತೂಕ, ಬಿಲ್ಲೆಯ ನಿಯಮ. "ಇಲ್ಲಿ ಒಂದು ಅಪಘಾತ ಆಗಿತ್ತು. ಕೆಲಸಗಾರರು ಬಿಲ್ಲೆ ಹಾಕೋದು ಮರೆತು ಹೊರಗೆ ಹೋಗಿದ್ರು ಅಂತ ಮೊದಲೆಲ್ಲ ಹೇಳ್ತಿದ್ವಿ. ಇದು ಸಿಕ್ಕಿದ ಮೇಲೆ ಹಾಗೆ ಹೇಳೋದು ಬಿಟ್ವಿ. ಅವರು ಹಾಕಿರಬೇಕು. ಹೇಗೋ ಕೆಳಗೆ ಬಿದ್ದಿದೆ."

"ಹೇಗೋ ಅಂದ್ರೆ?" ಎಂದು ಟೋಪಿ ಹಾಕಿದ ಒಬ್ಬ ಕೇಳಿದ. "ಇನ್ನೊಬ್ಬ ಇದ್ದ ಅಂದ್ರಲ್ಲ. ಅವನೇನಾದ?"

"ಅವರಿಗೂ ಪೆಟ್ಟಾಗಿತ್ತಂತೆ. ಸರಿಯಾಗಿ ಗೊತ್ತಿಲ್ಲ ಸಾರ್, ತೀರಿಹೋದ್ರು ಅಂತ ಕಾಣುತ್ತೆ."

"ಪಾಪ," ಎಂದಿತು ಗುಂಪಿನಲ್ಲಿ ಒಂದು ದನಿ. ಟೋಪಿಯವನು ಹಿಂದೆ ಸರಿದವನು ಕುರ್ಚಿಗೆ ತಾಗಿ, "ಸಾರಿ, ನೋಡ್ಲಿಲ್ಲ," ಎಂದ. ಚಿಕ್ಕಮುಳ್ಳು ಪರವಾಗಿಲ್ಲ ಎಂಬಂತೆ ತಲೆಯಾಡಿಸಿದ. ಈ ಕೋಣೆಯಲ್ಲಿ ತಾನು ಇನ್ನೂ ಬದುಕಿದ್ದೇನೆ ಎಂದು ಹೇಳಬೇಕಾದವರು ಯಾರು?

"ಇದಕ್ಕೊಂದು ದಾರ ಇತ್ತಲ್ಲ," ಎಂದಳು ಅಕ್ಕ ಇದ್ದಕ್ಕಿದ್ದಂತೆ. "ಬೂಟಿನ ಲೇಸು. ಅದೆಲ್ಲಿ?"

ಗೈಡ್ ಹುಡುಗಿ ಗಲಿಬಿಲಿಗೊಂಡಳು. "ಲೇಸಾ? ಇಲ್ಲಮ್ಮಾ. ಬರೀ ಬಿಲ್ಲೆ ಸಿಕ್ಕಿದ್ದು. ದಾರ ಇದ್ರೂ ಇಷ್ಟು ವರ್ಷ ಮರಳಲ್ಲಿ ಉಳೀತಿತ್ತಾ? ನಿಮಗೆ ಹೇಗೆ ಗೊತ್ತು?"

"ತೂತು ಇದೆಯಲ್ಲಮ್ಮಾ. ತೂತು ಇದ್ದಮೇಲೆ ದಾರ ಇರುತ್ತೆ," ಎಂದು ಅಕ್ಕ ಕುರ್ಚಿಯ ಹಿಂದಕ್ಕೆ ಹೋದಳು. "ಹೋಗೋಣ ಕಣೋ."

ಲಿಫ್ಟಿನವನು ಬಾಗಿಲು ಹಿಡಿದು ನಿಂತಿದ್ದ. ಅಕ್ಕ ಕುರ್ಚಿ ತಿರುಗಿಸಿ ಹಿಂದಿನಿಂದ ಒಳಗೆ ಎಳೆದಳು. ದೊಡ್ಡ ಗಾಲಿಗಳು ಸಂದು ದಾಟಿದವು. ಮುಂದಿನ ಚಿಕ್ಕ ಗಾಲಿಗಳು ಸಂದಿನ ಅಂಚಿಗೆ ಬಂದಾಗ ಅವನು ಜೇಬಿನಿಂದ ಬಿಲ್ಲೆ ತೆಗೆದು, ಕಾಲಿನ ಹಲಗೆಯವರೆಗೂ ಬಗ್ಗಿ, ಆ ಕಪ್ಪು ಸೀಳಿಗೆ ಹಿಡಿದು ಬೆರಳು ಸಡಿಲಿಸಿದ. ಅಂಚಿಲ್ಲ, ಮರಳಿಲ್ಲ ಎಂಬುದು ಗೊತ್ತಿದ್ದೂ ಬಿಟ್ಟ.

ಟಿಣ್, ಟಿಣ್, ಟಣ್. ಕಬ್ಬಿಣದಿಂದ ಕಬ್ಬಿಣಕ್ಕೆ ಪುಟಿಯುತ್ತ ಅದು ಇಳಿದೇ ಇಳಿಯಿತು. ಕೊನೆಯ ಸದ್ದು ಯಾವುದು ಎಂದು ಹೇಳಲಾಗದಷ್ಟು ದೂರ. ಅವನು ಉಸಿರು ಬಿಗಿಹಿಡಿದು ಕೇಳಿದ. ಅದು ಅವನ ಸದ್ದಲ್ಲ. ಅವನ ಸದ್ದು ಅಲ್ಲ ಎನ್ನುವಂತೆಯೂ ಇರಲಿಲ್ಲ.

"ಅಯ್ಯೋ, ಏನೋ ಬಿತ್ತಲ್ಲ ಸಾರ್!" ಎಂದ ಲಿಫ್ಟಿನವನು. "ಬೇಕಾದ್ದಾ? ತಿಂಗಳಿಗೊಂದ್ಸಲ ಕೆಳಗಿಳಿದು ಗುಡಿಸ್ತಾರೆ. ಹೇಳಿಡ್ತೀನಿ."

"ಬೇಡ ಬಿಡಿ," ಎಂದ ಅವನು. "ಸಿಕ್ಕಿದ್ರೆ ಆ ಗಾಜಿನ ಪೆಟ್ಟಿಗೇಲಿ ಹಾಕೋಕೆ ಹೇಳಿ."

ಕೆಳಗಿಳಿದು, ಪಕ್ಕದ ಬಾಗಿಲು ದಾಟಿ, ಅಕ್ಕ ಇಳಿಜಾರಿನ ತುದಿಗೆ ಬಂದಳು. ಅಲ್ಲಿ ನಿಂತಳು. ಕೆಳಗೆ ಚೌಕದ ತುಂಬ ಜನ, ಎಲ್ಲರ ಕೈಯಲ್ಲೂ ಫೋನು, ಎಲ್ಲರ ತಲೆಯೂ ಮೇಲಕ್ಕೆ.

"ಏನದು ಬೀಳಿಸಿದ್ದು?"

"ನನ್ನ ಬಿಲ್ಲೆ."

"ಬೇಕಂತಾನೇ?"

"ಹೂಂ."

"ಯಾಕೆ?"

"ಸದ್ದು ಕೇಳೋಕೆ."

ಅಲ್ಲಿಂದ ಮುಂದೆ ಅವನು ಎಲ್ಲವನ್ನೂ ಹೇಳಿದ. ಮುಂದೆ ನೋಡುತ್ತಲೇ ಹೇಳಿದ. ಭುಜದ ಮೇಲಿನ ಡಬ್ಬಿ, ಗೋಡೆಗೆ ಸವರಿದ್ದು, ಆ ಸದ್ದು, ಬರಿಯ ಮೊಳೆ. ಆಸ್ಪತ್ರೆಯಲ್ಲಿ ಕೇಳಿದ ಪ್ರಶ್ನೆ, ಕೇಳದ ಪ್ರಶ್ನೆ. "ನೀನು ದಿನಾ ಭಾವಂಗೆ ಬಯ್ಯೋವಾಗ ಒಳಗೆ ಕೂತು ಕೇಳ್ತಿದ್ದೆ ಅಕ್ಕ. ಒಂದಿನಾನೂ ಹೇಳ್ಲಿಲ್ಲ. ನೀನು ಬಿಟ್ಟುಹೋದ್ರೆ ನನಗೆ ಯಾರಿದಾರೆ ಅಂತ ಹೇಳ್ಲಿಲ್ಲ. ಅವರು ಮರೀಲಿಲ್ಲ. ಬಿಲ್ಲೆ ಹಾಕಿದ್ರು. ನಾನೇ ಬೀಳಿಸಿರ್ಬೇಕು."

ಹಿಡಿಗಳ ಮೇಲಿನ ಭಾರ ಇಲ್ಲವಾದದ್ದು ಅವನಿಗೆ ಬೆನ್ನಿನಲ್ಲಿ ಗೊತ್ತಾಯಿತು. ಅಕ್ಕ ಕೈ ಬಿಟ್ಟಿದ್ದಳು. ಕುರ್ಚಿ ಇಳಿಜಾರಿನ ತುದಿಯಲ್ಲಿತ್ತು. ಬ್ರೇಕು ಅವನ ಕೈಗೆ ಎಟಕುವಂತಿತ್ತು. ಅವನು ಕೈಗಳನ್ನು ತೊಡೆಯ ಮೇಲೇ ಇಟ್ಟುಕೊಂಡ. ಮುಂದಿನ ಚಿಕ್ಕ ಗಾಲಿಗಳು ನಿಧಾನವಾಗಿ ಒಂದು ಸುತ್ತಿನ ಕಾಲುಭಾಗ ಉರುಳಿದವು. ಮತ್ತೆ ಹಿಡಿಗಳು ಬಿಗಿಯಾದವು.

"ಯಾವ ಭುಜ?" ಎಂದಿತು ಹಿಂದಿನಿಂದ ಅಕ್ಕನ ದನಿ.

"ಎಡದ್ದು."

ಒಂದು ಗುಂಪು ಅವರನ್ನು ಬಳಸಿಕೊಂಡು ಮೇಲೆ ಹೋಯಿತು. ಗುಂಪಿನ ಹೆಂಗಸೊಬ್ಬಳು, "ಸಹಾಯ ಬೇಕಾ?" ಎಂದಾಗ, ಅಕ್ಕ "ಬೇಡಮ್ಮಾ," ಎಂದಳು.

"ಆ ಲೇಸು ಹಿಂದಿನ ದಿನ ಸಂಜೆ ತುಂಡಾಗಿತ್ತು," ಎಂದಳು ಆಮೇಲೆ. "ಹೊಸದು ಕಟ್ಟಿಕೊಡು ಅಂದ್ರು. ಮನೇಲಿ ಹೊಸದು ಇರ್ಲಿಲ್ಲ. ನನಗೆ ಬೆಳಗಿನ ಪಾಳಿ, ಬೇಗ ಮಲಗಬೇಕಿತ್ತು. ಹಳೇದಕ್ಕೇ ಒಂದು ಗಂಟು ಹಾಕಿ ಕೊಟ್ಟೆ. ಇವರು ಅದನ್ನ ಎಳೆದು ನೋಡಿ, ಇದು ತಡೆಯುತ್ತೇನೇ ಅಂದ್ರು. ಆನೆ ಕಟ್ಟಿದ್ರೂ ತಡೆಯುತ್ತೆ, ಹೋಗ್ರಿ ಅಂದೆ."

ಅವನು ತಿರುಗಿ ನೋಡಲು ಹೊರಳಿದ. ಅವಳ ಕೈ ಅವನ ಭುಜವನ್ನು ಮುಂದಕ್ಕೆ ಒತ್ತಿ ಹಿಡಿಯಿತು. ಎಡ ಭುಜವನ್ನು.

"ಮರೆತ್ರು ಅಂತ ಅವರು ಬರ್ಕೊಂಡು ಹೋದ ದಿನ ನನಗೆ ಎಷ್ಟು ಹಗುರ ಆಯ್ತು ಗೊತ್ತಾ ನಿನಗೆ? ಅವತ್ತಿಂದ ದಿನಾ ಅವರಿಗೇ ಬಯ್ದೆ. ಒಂದಿನ ಬಿಟ್ರೂ ಬೇರೆ ಏನಾದ್ರೂ ನೆನಪಾಗುತ್ತೇನೋ ಅಂತ ಹೆದರಿಕೆ."

"ಅಕ್ಕ, ಗಂಟು ಬಿಚ್ಚಿರಲಿಕ್ಕಿಲ್ಲ. ಡಬ್ಬಿ ತಾಗಿತ್ತು."

"ತಾಗಿದ್ದು ಗೋಡೆಗೆ ಅಂದೆಯಲ್ಲ. ಗಂಟು ಸರಿಯಾಗಿದ್ರೆ ತಾಗಿದ್ರೂ ಬೀಳ್ತಿತ್ತಾ?"

"ಬೀಳ್ತಿತ್ತೇನೋ."

"ಬೀಳ್ತಿರ್ಲಿಲ್ವೇನೋ."

ಮೇಲೆ ಗಂಟೆ ಹೊಡೆಯಿತು. ಒಂದು. ಅಷ್ಟು ಹತ್ತಿರದಿಂದ ಅದನ್ನು ಕೇಳಿ ಹನ್ನೊಂದು ವರ್ಷವಾಗಿತ್ತು. ಕುರ್ಚಿಯ ಕಬ್ಬಿಣವೆಲ್ಲ ಸಣ್ಣಗೆ ನಡುಗಿತು. ಇಲ್ಲಿ ಮುಚ್ಚುವುದಕ್ಕೆ ಕಿಟಕಿ ಇರಲಿಲ್ಲ. ಅಕ್ಕ ಆ ನಡುಕ ಪೂರ್ತಿ ಅಡಗುವವರೆಗೆ ನಿಂತಳು. ಆಮೇಲೆ ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡದ್ದು ಬಟ್ಟೆಯ ಸದ್ದಿನಲ್ಲಿ ತಿಳಿಯಿತು. ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿದಳು. ಈಗ ಚೌಕ ಅವನ ಬೆನ್ನಿಗಾಯಿತು, ಗೋಪುರ ಮುಖಕ್ಕೆ.

"ಕೈ ಒಳಗಿಟ್ಕೋ," ಎಂದಳು, ಎಂದಿನ ಹಾಗೆ.

ಕೆಳಗಿನ ಕಡೆ ತಾನು ನಿಂತು, ಭಾರವನ್ನೆಲ್ಲ ಮೈಮೇಲೆ ತೆಗೆದುಕೊಂಡು, ಅವಳು ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟಳು. ಅವನ ಕಣ್ಣ ಮುಂದೆ ಗೋಪುರ ಅಷ್ಟಷ್ಟೇ ಹಿಂದೆ ಸರಿಯಿತು. ದೊಡ್ಡ ಮುಳ್ಳು ಹನ್ನೆರಡನ್ನು ಆಗಲೇ ದಾಟಿತ್ತು. ಅದರ ಪಕ್ಕದ ಪುಟ್ಟ ಬಾಗಿಲಿಗೆ ಹೊಸ ಬಣ್ಣ ಬಳಿದಿದ್ದರು. ತಿರುವಿನಲ್ಲಿ ಅವಳು ಒಮ್ಮೆ ನಿಂತು ಉಸಿರು ತೆಗೆದುಕೊಂಡಳು. ಆ ಉಸಿರು ಅವನ ನೆತ್ತಿಗೆ ತಾಗಿತು.

ಬಿಲ್ಲೆ ಬಿದ್ದದ್ದು ಡಬ್ಬಿ ತಾಗಿಯೋ, ಗಂಟು ಬಿಚ್ಚಿಯೋ, ಅದು ಅವರಿಬ್ಬರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇಳಿಜಾರಿನ ಕೊನೆಯವರೆಗೂ ಅಕ್ಕನ ಮುಖ ಹೇಗಿತ್ತು ಎಂಬುದೂ.